ಗುಲ್ಮವಿಲ್ಲದವರಿಗೆ ಜ್ವರ ಬಂದಾಗ: ಲಸಿಕೆಯ ಗೊಂದಲ ಮತ್ತು ಅದರಾಚೆಗಿನ ಪ್ರಶ್ನೆ

ಗುಲ್ಮ (ಸ್ಪ್ಲೀನ್) ಎಂಬ ಅಂಗವನ್ನು ತೆಗೆಸಿಕೊಂಡವರು ನ್ಯುಮೋನಿಯಾ, ರಕ್ತದ ನಂಜು ತರುವ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯನ್ನು ಒಮ್ಮೆ ಹಾಕಿಸಿಕೊಂಡು ಐದು ವರ್ಷಗಳ ಬಳಿಕ ಮತ್ತೊಮ್ಮೆ ಹಾಕಿಸಿಕೊಳ್ಳಬೇಕು, ಕೆಲವು ದೇಶಗಳ ಕ್ರಮದಂತೆ ಐದೈದು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುತ್ತಲೇ ಇರಬೇಕು ಎಂಬುದು ಬಹುಕಾಲ ನಡೆದುಬಂದ ಸಲಹೆ. ಈಚಿನ ವರ್ಷಗಳಲ್ಲಿ ಈ ಸಲಹೆ ಬದಲಾಗತೊಡಗಿದೆ. 2021ರಲ್ಲಿ ಅಮೆರಿಕದಲ್ಲಿ ನ್ಯೂಮೋಕಾಕಸ್‌ನ 15 ಮತ್ತು 20 ಪ್ರಭೇದಗಳ ವಿರುದ್ಧ ಕೆಲಸ ಮಾಡುವ ಎರಡು ಹೊಸ ಲಸಿಕೆಗಳಿಗೆ, 2024ರ ಜೂನ್‌ನಲ್ಲಿ 21 ಪ್ರಭೇದಗಳ ವಿರುದ್ಧದ ಮತ್ತೊಂದು ಲಸಿಕೆಗೆ ವಯಸ್ಕರ ಬಳಕೆಗೆಂದು ಅನುಮತಿ ದೊರೆಯಿತು. ಹಿಂದೆ ನ್ಯೂಮೋಕಾಕಸ್ ಲಸಿಕೆಯನ್ನೇ ಪಡೆಯದ ವಯಸ್ಕರು 20 ಅಥವಾ 21 ಪ್ರಭೇದಗಳ ಲಸಿಕೆಯ ಒಂದೇ ಡೋಸ್ ಪಡೆದರೆ ಸಾಕು ಎಂದು ಅಲ್ಲಿನ ಸಲಹಾ ಸಮಿತಿ ಹೇಳಿತು.

ಸುದ್ದಿ ಓದಿದವರಲ್ಲಿ ಪ್ರಶ್ನೆಗಳು ಹುಟ್ಟಿದ್ದು ಸಹಜ. ಇಷ್ಟು ವರ್ಷ ಹಾಕಿಸಿಕೊಂಡ ಲಸಿಕೆ ವ್ಯರ್ಥವಾಯಿತೇ? ಒಂದೇ ಡೋಸ್ ಸಾಕೆಂದರೆ ಜೀವನಪೂರ್ತಿ ರಕ್ಷಣೆ ಸಿಕ್ಕಿತೆಂದು ತಿಳಿಯಬಹುದೇ? ಹಾಗಾದರೆ ಸೋಂಕು ತಡೆಯಲೆಂದು ದಿನವೂ ನುಂಗುತ್ತಿರುವ ಪೆನ್ಸಿಲಿನ್ ಮಾತ್ರೆ ಇನ್ನೇಕೆ? ಒಬ್ಬ ವೈದ್ಯರು ಮಾತ್ರೆ ನಿಲ್ಲಿಸಬಹುದು ಎನ್ನುತ್ತಾರೆ, ಇನ್ನೊಬ್ಬರು ಕೊನೆಯವರೆಗೂ ನಿಲ್ಲಿಸಬೇಡಿ ಎನ್ನುತ್ತಾರೆ. ಈ ಭಿನ್ನಾಭಿಪ್ರಾಯಗಳಿಗೆ ಕಾರಣಗಳಿವೆ, ಅವನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವೂ ಇದೆ. ಆದರೆ ಇವೆಲ್ಲ ಸೋಂಕು ತಗಲುವ ಸಂಭವವನ್ನು ಎಷ್ಟು ತಗ್ಗಿಸಬಹುದು ಎಂಬುದರ ಸುತ್ತಲಿನ ಚರ್ಚೆಗಳು. ಸೋಂಕು ತಗಲಿಯೇಬಿಟ್ಟಾಗ ಏನು ಮಾಡಬೇಕು ಎಂಬ ವಿಷಯದಲ್ಲಿ ವೈದ್ಯಲೋಕದಲ್ಲಿ ಒಡಕಿಲ್ಲ. ದುರದೃಷ್ಟವಶಾತ್ ಚರ್ಚೆಯ ಗದ್ದಲದಲ್ಲಿ ಜನರಿಗೆ ಕೇಳಿಸದೆ ಹೋಗುತ್ತಿರುವುದು ಇದೇ ಮಾತು.

ಗುಲ್ಮ ಮಾಡುವ ಕೆಲಸ

ವೈದ್ಯರು ಸ್ಪ್ಲೀನ್ ಎಂದು ಕರೆಯುವ ಗುಲ್ಮವು ಹೊಟ್ಟೆಯ ಎಡಭಾಗದ ಮೇಲ್ತುದಿಯಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವ ಅಂಗ. ವಯಸ್ಕರಲ್ಲಿ ಅದರ ತೂಕ ಸುಮಾರು 150ರಿಂದ 200 ಗ್ರಾಂ. ಹಳತಾದ ಕೆಂಪು ರಕ್ತಕಣಗಳನ್ನು ಹಿಡಿದು ಒಡೆಯುವುದು, ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ತನ್ನಲ್ಲಿ ಇರಿಸಿಕೊಳ್ಳುವುದು ಅದರ ಪರಿಚಿತ ಕೆಲಸಗಳು. ಸೋಂಕಿನ ದೃಷ್ಟಿಯಿಂದ ಮುಖ್ಯವಾದ ಕೆಲಸಗಳು ಬೇರೆ ಎರಡಿವೆ.

ಮೊದಲನೆಯದು ಸೋಸುವ ಕೆಲಸ. ಗುಲ್ಮದೊಳಗಿನ ಇಕ್ಕಟ್ಟಾದ ದಾರಿಗಳಲ್ಲಿ ರಕ್ತ ಬಹಳ ನಿಧಾನವಾಗಿ ಹರಿಯುತ್ತದೆ, ಆ ದಾರಿಗಳ ಅಂಚಿನಲ್ಲಿ ಬ್ಯಾಕ್ಟೀರಿಯಾಗಳನ್ನು ನುಂಗುವ ಕಣಗಳು ಕಾದು ಕುಳಿತಿರುತ್ತವೆ. ಎರಡನೆಯದು ರೋಗಾಣುಗಳಿಗೆ ಅಂಟಿಕೊಂಡು ಅವನ್ನು ಗುರುತು ಮಾಡುವ ಪ್ರತಿಕಾಯಗಳನ್ನು ತಯಾರಿಸುವ ಕೆಲಸ. ಗುಲ್ಮದ ಬಿಳಿ ತಿರುಳಿನ ಅಂಚಿನಲ್ಲಿರುವ ವಿಶಿಷ್ಟ ಬಿ ಕಣಗಳು (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು), ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವಿಗೆ ಕಾಯದೆ, ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿಗಳನ್ನು ಗುರುತಿಸಿ ಅವಸರದಲ್ಲಿ ಪ್ರತಿಕಾಯಗಳನ್ನು ಹೊರಡಿಸಬಲ್ಲವು.

ಈ ಎರಡೂ ಕೆಲಸಗಳು ಕೂಡಿದಾಗ ಮಾತ್ರ ಸೋಲುವ ಶತ್ರುಗಳ ಒಂದು ಗುಂಪಿದೆ. ನ್ಯೂಮೋಕಾಕಸ್, ಮೆನಿಂಜೊಕಾಕಸ್ ಮತ್ತು ಹಿಬ್ ಎಂಬ ಕಿರುಹೆಸರಿನ ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ, ಈ ಮೂರೂ ಸಕ್ಕರೆಯ ದಪ್ಪ ಕವಚ ತೊಟ್ಟ ಬ್ಯಾಕ್ಟೀರಿಯಾಗಳು. ಎಣ್ಣೆ ಸವರಿದ ಗೋಲಿ ಬೆರಳಿಗೆ ಸಿಗದೆ ಜಾರುವಂತೆ ಇವು ನುಂಗುವ ಕಣಗಳ ಹಿಡಿತದಿಂದ ಜಾರಿಕೊಳ್ಳುತ್ತವೆ. ಪ್ರತಿಕಾಯಗಳು ಕವಚಕ್ಕೆ ಅಂಟಿಕೊಂಡ ಮೇಲೆಯೇ ಅವುಗಳ ಮೇಲೆ ಹಿಡಿತ ಸಾಧ್ಯ. ಪ್ರತಿಕಾಯಗಳು ಚೆನ್ನಾಗಿ ಅಂಟಿದ ಬ್ಯಾಕ್ಟೀರಿಯಾಗಳನ್ನು ಯಕೃತ್ತು ಕೂಡ ರಕ್ತದಿಂದ ತೆಗೆಯಬಲ್ಲದು. ಆದರೆ ಹೊಸ ಸೋಂಕಿನ ಮೊದಲ ಗಂಟೆಗಳಲ್ಲಿ, ಪ್ರತಿಕಾಯ ಇನ್ನೂ ಅಲ್ಪವಾಗಿರುವಾಗ, ಬ್ಯಾಕ್ಟೀರಿಯಾವನ್ನು ನಿಧಾನಗತಿಯ ರಕ್ತದಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಗುಲ್ಮದಷ್ಟು ಬೇರೆ ಯಾವ ಅಂಗಕ್ಕೂ ಇಲ್ಲ. ಗುಲ್ಮ ಇಲ್ಲದವರಲ್ಲಿ ಸಾಮಾನ್ಯ ನೆಗಡಿ ಹೆಚ್ಚು ಸಲ ಬರುವುದಿಲ್ಲ, ಗಾಯ ತಡವಾಗಿ ಮಾಯುವುದಿಲ್ಲ. ಅವರ ದೇಹದ ರಕ್ಷಣೆಯಲ್ಲಿ ಒಡೆದಿರುವುದು ಮುಖ್ಯವಾಗಿ ಈ ಒಂದು ಬಾಗಿಲು.

ಅನಗತ್ಯ ಅಂಗವೆಂಬ ನಂಬಿಕೆ ಅಳಿದ ಬಗೆ

ಗುಲ್ಮವಿಲ್ಲದೆಯೂ ಮನುಷ್ಯ ಬದುಕುತ್ತಾನೆ ಎಂಬುದು ಶಸ್ತ್ರವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದ್ದರಿಂದ ಅದು ತೆಗೆದರೂ ನಷ್ಟವಿಲ್ಲದ ಅಂಗ ಎಂಬ ಭಾವನೆ ಬೇರೂರಿತು. 1919ರಲ್ಲಿ ಮಾರಿಸ್ ಮತ್ತು ಬುಲಕ್ ಎಂಬ ಸಂಶೋಧಕರು ಗುಲ್ಮ ತೆಗೆದ ಇಲಿಗಳು ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ ಎಂದು ತೋರಿಸಿದರೂ ಅದರತ್ತ ಹೆಚ್ಚಿನ ಗಮನ ಹರಿಯಲಿಲ್ಲ. 1952ರಲ್ಲಿ ಕಿಂಗ್ ಮತ್ತು ಶೂಮೇಕರ್ ಎಂಬ ವೈದ್ಯರು ಐದು ಎಳೆಯ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಕೆಂಪು ರಕ್ತಕಣಗಳು ಗೋಲಾಕಾರ ತಾಳಿ ಬೇಗ ಒಡೆಯುವ ಅನುವಂಶಿಕ ಕಾಯಿಲೆಗಾಗಿ ಈ ಮಕ್ಕಳ ಗುಲ್ಮ ತೆಗೆಯಲಾಗಿತ್ತು, ಆ ಬಳಿಕ ಅವರನ್ನು ತೀವ್ರ ಸೋಂಕು ಬಾಧಿಸಿತ್ತು. ಅಲ್ಲಿಂದ ಮುಂದೆ ಇಂಥ ವರದಿಗಳು ಸಾಲುಸಾಲಾಗಿ ಬಂದವು.

ವಯಸ್ಕರಿಗೂ ಇದು ಅನ್ವಯಿಸುತ್ತದೆ ಎಂಬುದಕ್ಕೆ ಸೈನಿಕರ ದಾಖಲೆಗಳು ಸಾಕ್ಷಿಯಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ಟು ಬಿದ್ದು ಗುಲ್ಮ ಕಳೆದುಕೊಂಡಿದ್ದ 740 ಅಮೆರಿಕನ್ ಸೈನಿಕರನ್ನು ಕುರಿತ ಅಧ್ಯಯನವೊಂದು 1977ರಲ್ಲಿ ಪ್ರಕಟವಾಯಿತು, ಅವರಲ್ಲಿ ನ್ಯುಮೋನಿಯಾದಿಂದ ಸತ್ತವರ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಾಗಿತ್ತು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಕ್ಯಾನ್ಸರ್ ಇಲ್ಲದ, ಗುಲ್ಮ ತೆಗೆಸಿಕೊಂಡ 8,149 ಮಾಜಿ ಸೈನಿಕರ ದಾಖಲೆಗಳನ್ನು 27 ವರ್ಷಗಳವರೆಗೆ ಹಿಂಬಾಲಿಸಿ, ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ಮತ್ತು ರಕ್ತದ ನಂಜು ಮೂರೂ ಅವರಲ್ಲಿ ಹೆಚ್ಚು ಎಂದು ಕಂಡುಕೊಂಡಿತು.

ಅಪಾಯ ಎಷ್ಟು, ಯಾರಿಗೆ

ಗುಲ್ಮವಿಲ್ಲದವರಲ್ಲಿ ಬಿರುಸಾಗಿ ಹರಡುವ ರಕ್ತದ ನಂಜಿನ ಸಂಭವ ಜೀವಮಾನದಲ್ಲಿ ಸುಮಾರು ಶೇ 5 ಎಂದು ಹೇಳುವುದು ವಾಡಿಕೆ. ಬಹುಪಾಲು ಜನರು ಅದನ್ನು ಎಂದೂ ಕಾಣದೆ ಸಾಮಾನ್ಯ ಆಯುಷ್ಯ ಬಾಳುತ್ತಾರೆ ಎಂಬುದನ್ನು ಮೊದಲು ಮನಗಾಣಬೇಕು. ಆದರೆ ಬಂದವರಲ್ಲಿ ಸಾವಿನ ಪ್ರಮಾಣ ಶೇ 50ರ ಆಸುಪಾಸಿನಲ್ಲಿದೆ, ಸಾಯುವವರಲ್ಲಿ ಹೆಚ್ಚಿನವರು ಮೊದಲ ಎರಡು ದಿನಗಳಲ್ಲೇ ಸಾಯುತ್ತಾರೆ. ಸಂಭವ ಸಣ್ಣದು, ಸಂಭವಿಸಿದರೆ ಹಾನಿ ಅಪಾರ. ಇಂಥ ಅಪಾಯವನ್ನು ಅಂದಾಜಿಸುವುದು ಮನುಷ್ಯಬುದ್ಧಿಗೆ ಕಷ್ಟ. ವರ್ಷಗಟ್ಟಲೆ ಏನೂ ಆಗದಿದ್ದಾಗ ಎಚ್ಚರಿಕೆ ಸಡಿಲವಾಗುತ್ತದೆ.

ಅಪಾಯ ಎಲ್ಲರಿಗೂ ಒಂದೇ ಸಮನಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು, ಏಕೆಂದರೆ ಕವಚದ ಸಕ್ಕರೆಯನ್ನು ಗುರುತಿಸುವ ಅವರ ಶಕ್ತಿ ಇನ್ನೂ ಪಕ್ವವಾಗಿರುವುದಿಲ್ಲ. ಅಪಘಾತದಲ್ಲಿ ಗುಲ್ಮ ಕಳೆದುಕೊಂಡವರಿಗಿಂತ ಥಲಸ್ಸೇಮಿಯಾ, ಲಿಂಫೋಮಾ ಮೊದಲಾದ ರಕ್ತಸಂಬಂಧಿ ಕಾಯಿಲೆಗಳಿಗಾಗಿ ತೆಗೆಸಿಕೊಂಡವರಿಗೆ ಹೆಚ್ಚು, ಏಕೆಂದರೆ ಮೂಲ ಕಾಯಿಲೆಯೂ ಅದರ ಚಿಕಿತ್ಸೆಯೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ಮೂರು ವರ್ಷಗಳು ಹೆಚ್ಚು ಅಪಾಯದವು. ಆದರೂ ದಶಕಗಳ ಬಳಿಕ ಸೋಂಕು ಎರಗಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆದ್ದರಿಂದ ಇಂತಿಷ್ಟು ವರ್ಷ ಕಳೆದರೆ ಗಂಡಾಂತರ ತಪ್ಪಿತು ಎಂದು ಹೇಳಬಹುದಾದ ಗಡುವು ಯಾವುದೂ ಇಲ್ಲ.

ಗುಲ್ಮ ದೇಹದಲ್ಲಿದ್ದೂ ಕೆಲಸ ಮಾಡದವರ ಗುಂಪೂ ಒಂದಿದೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರ ತಾಳುವ ಸಿಕಲ್ ಸೆಲ್ ಕಾಯಿಲೆಯ ಮಕ್ಕಳಲ್ಲಿ ರಕ್ತನಾಳಗಳು ಮತ್ತೆ ಮತ್ತೆ ಕಟ್ಟಿಕೊಂಡು ಗುಲ್ಮ ಎಳವೆಯಲ್ಲೇ ಸೊರಗುತ್ತದೆ. ಗೋಧಿಯ ಪ್ರೋಟೀನು ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ, ಅಸ್ಥಿಮಜ್ಜೆ ಕಸಿಯ ನಂತರ ಕೂಡ ಕೆಲವರಲ್ಲಿ ಹೀಗಾಗುತ್ತದೆ. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳೊಳಗೆ ಹೋವೆಲ್-ಜಾಲಿ ಕಾಯಗಳೆಂಬ ಚುಕ್ಕೆಗಳು ಉಳಿದಿದ್ದರೆ, ಅವನ್ನು ತೆಗೆದುಹಾಕಬೇಕಾದ ಗುಲ್ಮ ತನ್ನ ಕೆಲಸ ಮಾಡುತ್ತಿಲ್ಲ ಎಂದರ್ಥ. ಇಲ್ಲಿ ಹೇಳುವ ಎಚ್ಚರಿಕೆಗಳು ಇವರಿಗೂ ಅನ್ವಯಿಸುತ್ತವೆ.

ಲಸಿಕೆಯ ಸಲಹೆ ಏಕೆ ಬದಲಾಯಿತು

ಹಳೆಯ 23 ಪ್ರಭೇದಗಳ ನ್ಯೂಮೋಕಾಕಸ್ ಲಸಿಕೆಯಲ್ಲಿ ಇರುವುದು ಕವಚದ ಸಕ್ಕರೆ ಮಾತ್ರ. ಬರೀ ಸಕ್ಕರೆಗೆ ಚುರುಕಾಗಿ ಸ್ಪಂದಿಸುವ ಕಣಗಳು ಬಹುಮಟ್ಟಿಗೆ ಗುಲ್ಮದಲ್ಲೇ ಇರುವುದರಿಂದ, ಯಾರಿಗೆ ಈ ಲಸಿಕೆ ಅತ್ಯಗತ್ಯವೋ ಅವರಲ್ಲೇ ಅದರ ಪರಿಣಾಮ ದುರ್ಬಲ. ಅದು ದೀರ್ಘಕಾಲದ ನೆನಪನ್ನೂ ಉಳಿಸುವುದಿಲ್ಲ, ಹಾಗಾಗಿಯೇ ಮತ್ತೆ ಹಾಕಬೇಕಾಗುತ್ತಿತ್ತು. ಪದೇ ಪದೇ ಹಾಕಿದಾಗ ದೇಹದ ಸ್ಪಂದನೆ ಮೊದಲಿಗಿಂತ ಮಂದವಾಗಬಹುದೆಂಬ ಆತಂಕವೂ ಇತ್ತು.

ಸಂಯುಕ್ತ ಲಸಿಕೆಗಳ ಬಗೆ ಬೇರೆ. ಅವುಗಳಲ್ಲಿ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿರುತ್ತಾರೆ. ಪ್ರೋಟೀನನ್ನು ಕಂಡ ಟಿ ಕಣಗಳು ನೆರವಿಗೆ ಬರುತ್ತವೆ, ದುಗ್ಧಗ್ರಂಥಿಗಳಲ್ಲೇ ಪ್ರತಿಕಾಯ ತಯಾರಾಗುತ್ತದೆ, ನೆನಪೂ ಉಳಿಯುತ್ತದೆ. ಗುಲ್ಮದ ಮೇಲಿನ ಅವಲಂಬನೆ ಕಡಿಮೆಯಾಗುವುದು ಹೀಗೆ. ಮೊದಲು ಬಂದ ಸಂಯುಕ್ತ ಲಸಿಕೆಗಳು ಕೆಲವೇ ಪ್ರಭೇದಗಳನ್ನು ಒಳಗೊಂಡಿದ್ದರಿಂದ, ಸಂಯುಕ್ತ ಲಸಿಕೆಯನ್ನು ಮೊದಲು ಹಾಕಿ ಎಂಟು ವಾರಗಳ ಬಳಿಕ 23 ಪ್ರಭೇದಗಳ ಹಳೆಯ ಲಸಿಕೆಯಿಂದ ವ್ಯಾಪ್ತಿಯನ್ನು ಹಿಗ್ಗಿಸುವ ಕ್ರಮ ಜಾರಿಗೆ ಬಂತು. ಈಗ ಸಂಯುಕ್ತ ಲಸಿಕೆಯೇ 20, 21 ಪ್ರಭೇದಗಳಿಗೆ ವಿಸ್ತರಿಸಿರುವುದರಿಂದ ಹಳೆಯ ಲಸಿಕೆಯ ಅಗತ್ಯವೇ ಇಲ್ಲ ಎಂಬುದು ಹೊಸ ಸಲಹೆಯ ತರ್ಕ. ಮೊದಲು ಹಾಕಿಸಿಕೊಂಡಿದ್ದು ವ್ಯರ್ಥವಲ್ಲ, ಆ ಕಾಲದ ರಕ್ಷಣೆಯನ್ನು ಅದು ಕೊಟ್ಟಿದೆ. ಹಳೆಯ ಕ್ರಮವನ್ನು ಪೂರೈಸಿದವರು ಹೊಸ ಲಸಿಕೆಯನ್ನು ಯಾವಾಗ ಪಡೆಯಬೇಕೆಂಬುದು ಕೊನೆಯ ಡೋಸ್ ಯಾವುದು, ಯಾವಾಗ ಎಂಬುದರ ಮೇಲೆ ನಿಂತಿದೆ. ಇದಕ್ಕಾಗಿಯೇ ಲಸಿಕೆಯ ದಾಖಲೆಯನ್ನು ಕಳೆದುಕೊಳ್ಳಬಾರದು.

ಒಂದೇ ಡೋಸ್ ಸಾಕೆಂಬ ಮಾತನ್ನು ಪೂರ್ಣ ರಕ್ಷಣೆಯೆಂದು ಓದಿಕೊಳ್ಳುವುದು ಮಾತ್ರ ಅಪಾಯಕಾರಿ. ನ್ಯೂಮೋಕಾಕಸ್‌ನ ನೂರಕ್ಕೂ ಹೆಚ್ಚು ಪ್ರಭೇದಗಳು ಇವೆ. ಲಸಿಕೆಯಲ್ಲಿರುವ ಪ್ರಭೇದಗಳು ಹಿಂಜರಿದಾಗ ಅದರಲ್ಲಿಲ್ಲದವು ಮುಂದೆ ಬರುವುದನ್ನು ಹಲವು ದೇಶಗಳು ಕಂಡಿವೆ. ಪ್ರಭೇದಗಳ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಲಸಿಕೆ ಎಲ್ಲ ಬಗೆಯಲ್ಲೂ ಮೇಲೆಂದೂ ಹೇಳಲಾಗದು. 21 ಪ್ರಭೇದಗಳ ಲಸಿಕೆಯನ್ನು ವಯಸ್ಕರಲ್ಲಿ ಕಾಣುವ ಪ್ರಭೇದಗಳನ್ನು ಗಮನದಲ್ಲಿರಿಸಿ ರೂಪಿಸಿದ್ದಾರೆ, ಅದರಲ್ಲಿ 4ನೇ ಪ್ರಭೇದ ಇಲ್ಲ. ಆ ಪ್ರಭೇದ ಹರಡಿರುವ ಕಡೆಗಳಲ್ಲಿ 20ರ ಲಸಿಕೆಯೇ ಹೆಚ್ಚು ಸೂಕ್ತವಾಗಬಹುದು. ಇನ್ನು ಲಸಿಕೆ ಪಡೆದವರೆಲ್ಲರ ದೇಹವೂ ಸಮನಾಗಿ ಸ್ಪಂದಿಸುವುದಿಲ್ಲ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಸ್ಪಂದನೆ ತೀರ ಕ್ಷೀಣವಾಗಿರಬಹುದು.

ನ್ಯೂಮೋಕಾಕಸ್‌ನ ಚರ್ಚೆಯಲ್ಲಿ ಉಳಿದ ಲಸಿಕೆಗಳು ಮರೆತುಹೋಗಬಾರದು. ಮೆನಿಂಜೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ಗುಂಪುಗಳ ವಿರುದ್ಧದ ಸಂಯುಕ್ತ ಲಸಿಕೆಯನ್ನು ಸಾಮಾನ್ಯವಾಗಿ ಎರಡು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಟ್ಟು, ಆಮೇಲೆ ಐದು ವರ್ಷಕ್ಕೊಮ್ಮೆ ಪುನರಾವರ್ತಿಸುತ್ತಾರೆ. ಬಿ ಗುಂಪಿಗೆ ಪ್ರತ್ಯೇಕ ಲಸಿಕೆ ಬೇಕು. ಆ ಗುಂಪಿನ ಕವಚದ ಸಕ್ಕರೆ ಮನುಷ್ಯನ ನರಕೋಶಗಳ ಮೇಲಿನ ಸಕ್ಕರೆಯನ್ನೇ ಹೋಲುವುದರಿಂದ ಅದನ್ನು ಬಳಸಿ ಲಸಿಕೆ ಮಾಡಲಾಗದೆ, ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಆರಿಸಿಕೊಳ್ಳಬೇಕಾಯಿತು. ಬಾಲ್ಯದಲ್ಲಿ ಹಿಬ್ ಲಸಿಕೆ ಪಡೆಯದವರಿಗೆ ಅದರ ಒಂದು ಡೋಸ್ ಕೊಡುತ್ತಾರೆ. ಫ್ಲೂ ಲಸಿಕೆ ಪ್ರತಿವರ್ಷ ಬೇಕು, ಏಕೆಂದರೆ ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಕೆಡಿಸಿ ನ್ಯೂಮೋಕಾಕಸ್‌ಗೆ ದಾರಿ ಮಾಡಿಕೊಡುತ್ತದೆ. ಗುಲ್ಮವಿಲ್ಲ ಎಂಬ ಒಂದೇ ಕಾರಣಕ್ಕೆ ದಡಾರ ಮೊದಲಾದ ಜೀವಂತ ಲಸಿಕೆಗಳನ್ನು ನಿರಾಕರಿಸಬೇಕಿಲ್ಲ. ಮೂಗಿಗೆ ಸಿಂಪಡಿಸುವ ಜೀವಂತ ಫ್ಲೂ ಲಸಿಕೆಯ ಬದಲು ಚುಚ್ಚುಮದ್ದನ್ನೇ ಆರಿಸಿಕೊಳ್ಳಬೇಕು ಎಂಬುದೊಂದು ವಿನಾಯಿತಿ. ಮೂಲ ಕಾಯಿಲೆ ಅಥವಾ ಔಷಧಗಳಿಂದ ನಿರೋಧಕ ಶಕ್ತಿ ಕುಗ್ಗಿದವರ ವಿಚಾರ ಬೇರೆ.

ಕಾಲದ ಲೆಕ್ಕವೂ ಮುಖ್ಯ. ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಎರಡು ವಾರ ಮುಂಚೆ ಲಸಿಕೆ ಆಗಬೇಕು, ಗುಲ್ಮ ಇರುವಾಗಲೇ ಪ್ರತಿಕಾಯಗಳು ಚೆನ್ನಾಗಿ ತಯಾರಾಗಲಿ ಎಂದು. ಅಪಘಾತದಂಥ ತುರ್ತಿನಲ್ಲಿ ತೆಗೆದಿದ್ದರೆ ಹದಿನಾಲ್ಕು ದಿನ ಕಾಯುವುದು ಉತ್ತಮ, ಏಕೆಂದರೆ ಪೆಟ್ಟಿನ ಮತ್ತು ಶಸ್ತ್ರಚಿಕಿತ್ಸೆಯ ಆಘಾತದಲ್ಲಿರುವ ದೇಹ ಲಸಿಕೆಗೆ ಪೂರ್ಣವಾಗಿ ಸ್ಪಂದಿಸದು. ಆದರೆ ರೋಗಿ ಮತ್ತೆ ಬರುವ ಖಾತರಿ ಇಲ್ಲದಿದ್ದರೆ ಮನೆಗೆ ಕಳುಹಿಸುವ ಮುನ್ನವೇ ಹಾಕುವುದು ಒಳಿತು. ಸ್ವಲ್ಪ ದುರ್ಬಲವಾದ ರಕ್ಷಣೆಯಾದರೂ ಇರಲಿ, ರಕ್ಷಣೆಯೇ ಇಲ್ಲದಂತಾಗಬಾರದು.

ಪೆನ್ಸಿಲಿನ್ ಎಷ್ಟು ವರ್ಷ?

ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ದಿನನಿತ್ಯದ ಪೆನ್ಸಿಲಿನ್ ಸೋಂಕನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ 1986ರಲ್ಲಿ ಪ್ರಕಟವಾದ, ಸಿಕಲ್ ಸೆಲ್ ಕಾಯಿಲೆಯ ಎಳೆಯ ಮಕ್ಕಳ ಮೇಲಿನ ಪ್ರಯೋಗದಿಂದ ಬಂತು. ಔಷಧವಿಲ್ಲದ ಹುಸಿ ಮಾತ್ರೆ ಪಡೆದ 110 ಮಕ್ಕಳಲ್ಲಿ 13 ಮಂದಿಗೆ ಗಂಭೀರ ಸೋಂಕು ತಗಲಿದರೆ, ಪೆನ್ಸಿಲಿನ್ ಪಡೆದ 105 ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ತಗಲಿತು. ಅಂತರ ಎಷ್ಟು ನಿಚ್ಚಳವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 1995ರಲ್ಲಿ ಪ್ರಕಟವಾದ ಮುಂದುವರಿದ ಪ್ರಯೋಗದಲ್ಲಿ, ಐದು ವರ್ಷ ದಾಟಿದ ಮೇಲೆ ಮಾತ್ರೆ ನಿಲ್ಲಿಸಿದ ಮತ್ತು ಮುಂದುವರಿಸಿದ ಮಕ್ಕಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಅಪಘಾತದಲ್ಲಿ ಗುಲ್ಮ ಕಳೆದುಕೊಂಡ ನಲವತ್ತರ ವಯಸ್ಸಿನವರ ಬಗ್ಗೆ ಇಂಥ ಪ್ರಯೋಗದ ಬೆಂಬಲ ಇಲ್ಲ. ಆದ್ದರಿಂದ ಮಕ್ಕಳ ಫಲಿತಾಂಶವನ್ನು ವಯಸ್ಕರಿಗೆ ಎಷ್ಟರ ಮಟ್ಟಿಗೆ ಅನ್ವಯಿಸಬೇಕು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ಜೀವನಪರ್ಯಂತ ಮಾತ್ರೆ ಬೇಕೆನ್ನುವವರು ಅಪಾಯಕ್ಕೆ ಗಡುವಿಲ್ಲದಿರುವುದನ್ನು ಮುಂದಿಡುತ್ತಾರೆ. ಬೇಡವೆನ್ನುವವರ ಬಳಿ ನಾಲ್ಕು ವಾದಗಳಿವೆ: ಪೆನ್ಸಿಲಿನ್‌ಗೆ ಬಗ್ಗದ ನ್ಯೂಮೋಕಾಕಸ್ ಈಗ ಹಲವೆಡೆ ಇದೆ, ವರ್ಷಗಳುದ್ದಕ್ಕೂ ತಪ್ಪದೆ ಮಾತ್ರೆ ನುಂಗುವವರು ವಿರಳ, ದೀರ್ಘಕಾಲದ ಬಳಕೆಯಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ದೇಹದಲ್ಲಿ ನೆಲೆಗೊಳ್ಳಬಹುದು, ಮತ್ತು ಮಾತ್ರೆ ನುಂಗುತ್ತಿದ್ದೇನೆಂಬ ಧೈರ್ಯದಲ್ಲಿ ಜ್ವರವನ್ನು ಕಡೆಗಣಿಸುವ ಸಾಧ್ಯತೆ ಇದೆ.

ಹೆಚ್ಚಿನ ಮಾರ್ಗಸೂಚಿಗಳು ಇವೆರಡರ ನಡುವೆ ನಿಂತಿವೆ. ಮಕ್ಕಳಿಗೆ ಕನಿಷ್ಠ ಐದು ವರ್ಷ ತುಂಬುವವರೆಗೆ ಕೊಡಬೇಕು. ದೊಡ್ಡವರಿಗೆ ಶಸ್ತ್ರಚಿಕಿತ್ಸೆಯ ನಂತರದ ಒಂದರಿಂದ ಮೂರು ವರ್ಷ ಕೊಡುವುದು ರೂಢಿ. ಹಿಂದೊಮ್ಮೆ ನ್ಯೂಮೋಕಾಕಸ್‌ನ ತೀವ್ರ ಸೋಂಕಿನಿಂದ ಬದುಕುಳಿದವರು, ರಕ್ತದ ಕ್ಯಾನ್ಸರ್ ಇರುವವರು, ಲಸಿಕೆಗೆ ಸ್ಪಂದಿಸದವರು ಇಂಥವರಿಗೆ ಜೀವನಪರ್ಯಂತ ಸಲಹೆ ಮಾಡುತ್ತಾರೆ. ಈ ಮಧ್ಯದ ನಿಲುವೇ ಇರುವ ಪುರಾವೆಗೆ ಹೆಚ್ಚು ನಿಷ್ಠವಾದುದು. ಇಬ್ಬರು ವೈದ್ಯರು ಇಬ್ಬರು ರೋಗಿಗಳಿಗೆ ಬೇರೆ ಬೇರೆ ಮಾತು ಹೇಳಿದರೆ ಅವರಲ್ಲೊಬ್ಬರು ತಪ್ಪು ಹೇಳಿದ್ದಾರೆಂದು ಅರ್ಥವಲ್ಲ, ರೋಗಿಗಳ ಅಪಾಯದ ಮಟ್ಟ ಬೇರೆಯಾಗಿರಬಹುದು. ರೋಗಿ ತಾನಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಸಲ್ಲದು.

ಜ್ವರ ಬಂದ ಗಂಟೆಗಳು

ಇದು ಈ ವಿಷಯದ ತಿರುಳು. ಗುಲ್ಮವಿಲ್ಲದವರ ರಕ್ತದ ನಂಜು ಸಾಧಾರಣ ಫ್ಲೂ ಜ್ವರದ ವೇಷದಲ್ಲೇ ಬರುತ್ತದೆ. ಮೈಕೈ ನೋವು, ಚಳಿ, ತಲೆನೋವು, ವಾಂತಿ, ಕೆಲವೊಮ್ಮೆ ಭೇದಿ. ಸೋಂಕಿನ ನೆಲೆ ಎಲ್ಲೆಂದು ಹುಡುಕಿದರೂ ಸಿಗದಿರಬಹುದು. ಅನುಕೂಲ ಸಿಕ್ಕರೆ ನ್ಯೂಮೋಕಾಕಸ್ ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯೆಂದೇ ಲೆಕ್ಕ ಹಾಕಿದರೂ, ತಡೆಯುವವರಿಲ್ಲದ ರಕ್ತದಲ್ಲಿ ಆರು ಗಂಟೆಗಳಲ್ಲಿ ಒಂದು ಬ್ಯಾಕ್ಟೀರಿಯಾ ನಾಲ್ಕು ಸಾವಿರಕ್ಕೂ ಹೆಚ್ಚಾಗುತ್ತದೆ. ಇಂಥ ರೋಗಿಗಳ ರಕ್ತದ ಲೇಪದಲ್ಲೇ ಬ್ಯಾಕ್ಟೀರಿಯಾಗಳು ನೇರವಾಗಿ ಕಾಣಿಸುವುದುಂಟು. ಒಂದೆರಡು ದಿನಗಳಲ್ಲಿ, ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ, ರಕ್ತದೊತ್ತಡ ಕುಸಿಯುತ್ತದೆ, ಚರ್ಮದ ಮೇಲೆ ನೇರಳೆ ಕಲೆಗಳು ಏಳುತ್ತವೆ, ಮೂತ್ರಪಿಂಡಗಳು ನಿಲ್ಲುತ್ತವೆ. ಬದುಕುಳಿದವರಲ್ಲಿ ಕೆಲವರು ಬೆರಳುಗಳನ್ನೋ ಕೈಕಾಲುಗಳನ್ನೋ ಶ್ರವಣಶಕ್ತಿಯನ್ನೋ ಕಳೆದುಕೊಳ್ಳುತ್ತಾರೆ.

ಹೀಗಿರುವಾಗ, ಬೇರೆಯವರ ವಿಷಯದಲ್ಲಿ ವಿವೇಕವೆನಿಸುವ ನಡವಳಿಕೆ ಇವರ ವಿಷಯದಲ್ಲಿ ಮುಳುವಾಗುತ್ತದೆ. ಪ್ಯಾರಸಿಟಮಾಲ್ ನುಂಗಿ ಮಲಗುವುದು, ನಾಳೆ ಬೆಳಿಗ್ಗೆ ನೋಡೋಣವೆಂದು ಕಾಯುವುದು, ಮನೆಯವರಿಗೆಲ್ಲ ನೆಗಡಿ ಇರುವುದರಿಂದ ಇದೂ ಅದೇ ಇರಬೇಕೆಂದು ಊಹಿಸುವುದು ಇವು ಯಾವುವೂ ಗುಲ್ಮವಿಲ್ಲದವರಿಗೆ ಹೇಳಿಸಿದ್ದಲ್ಲ. ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ನಡುಗಿಸುವ ಚಳಿ ಬಂದರೆ, ಅದನ್ನು ತುರ್ತುಸ್ಥಿತಿ ಎಂದೇ ಪರಿಗಣಿಸಬೇಕು. ಸ್ಟೀರಾಯ್ಡ್ ಸೇವಿಸುತ್ತಿರುವವರಲ್ಲಿ ಜ್ವರ ಮರೆಯಾಗಿರಬಹುದು ಎಂಬುದನ್ನೂ ನೆನಪಿಡಬೇಕು.

ಮನೆಯಲ್ಲಿ ಕೂಡಲೇ ನುಂಗಲೆಂದು ವೈದ್ಯರು ಮುಂಚಿತವಾಗಿ ಬರೆದುಕೊಟ್ಟ ಆ್ಯಂಟಿಬಯೊಟಿಕ್ ಇರಬೇಕು. ಸಾಮಾನ್ಯವಾಗಿ ಅದು ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಬೇರೊಂದು. ಮೊದಲ ಡೋಸ್ ನುಂಗಿ ಆಸ್ಪತ್ರೆಗೆ ಹೊರಡಬೇಕು. ನುಂಗಿ ಮನೆಯಲ್ಲೇ ಉಳಿಯಲು ಅದು ಪರವಾನಗಿಯಲ್ಲ, ದಾರಿಯಲ್ಲಿ ಕಳೆಯುವ ಗಂಟೆಯನ್ನು ಉಳಿಸುವ ಉಪಾಯ ಮಾತ್ರ. ದಿನನಿತ್ಯ ಪೆನ್ಸಿಲಿನ್ ಸೇವಿಸುವವರಿಗೂ ಇದೇ ನಿಯಮ, ಏಕೆಂದರೆ ಅವರಲ್ಲಿ ಜ್ವರ ಬಂದಿದ್ದರೆ ಪೆನ್ಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕಾರಣವಾಗಿರಬಹುದು.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಗುಲ್ಮ ಇಲ್ಲವೆಂಬುದು. ರಕ್ತವನ್ನು ಕಲ್ಚರ್ ಪರೀಕ್ಷೆಗೆ ತೆಗೆದುಕೊಂಡ ಕೂಡಲೇ, ಫಲಿತಾಂಶಕ್ಕೆ ಕಾಯದೆ, ರಕ್ತನಾಳದ ಮೂಲಕ ಸೆಫ್ಟ್ರಿಯಾಕ್ಸೋನ್‌ನಂಥ ಆ್ಯಂಟಿಬಯೊಟಿಕ್, ಅಗತ್ಯವೆನಿಸಿದರೆ ಅದರ ಜೊತೆ ವ್ಯಾಂಕೊಮೈಸಿನ್ ಆರಂಭಿಸುವುದು ಕ್ರಮ. ವೈದ್ಯರನ್ನೂ ದಾರಿ ತಪ್ಪಿಸಬಲ್ಲ ಒಂದು ಅಂಶವಿದೆ. ಗುಲ್ಮ ತೆಗೆದ ಮೇಲೆ ಬಿಳಿ ರಕ್ತಕಣಗಳ ಮತ್ತು ಪ್ಲೇಟ್‌ಲೆಟ್‌ಗಳ ಸಂಖ್ಯೆ ಆರೋಗ್ಯದ ದಿನಗಳಲ್ಲೂ ಸ್ವಲ್ಪ ಹೆಚ್ಚಾಗಿಯೇ ಇರಬಹುದು. ಆದ್ದರಿಂದ ಆ ಸಂಖ್ಯೆಯೊಂದನ್ನೇ ನಂಬಿ ಸೋಂಕು ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸುವುದು ಸರಿಯಲ್ಲ.

ನಾಯಿ, ಉಣ್ಣೆ, ಸೊಳ್ಳೆ

ಕವಚಧಾರಿ ಬ್ಯಾಕ್ಟೀರಿಯಾಗಳಲ್ಲದೆ ಇನ್ನು ಕೆಲವು ಅಪಾಯಗಳಿವೆ. ನಾಯಿಗಳ ಬಾಯಲ್ಲಿ ನಿರುಪದ್ರವಿಯಾಗಿ ಬಾಳುವ ಕ್ಯಾಪ್ನೊಸೈಟೊಫೇಗಾ ಎಂಬ ಬ್ಯಾಕ್ಟೀರಿಯಾ ಗುಲ್ಮವಿಲ್ಲದವರ ರಕ್ತ ಸೇರಿದರೆ ಮಾರಕವಾಗಬಲ್ಲದು. ನಾಯಿ ಕಚ್ಚಿದ ಗಾಯ ಚಿಕ್ಕದಿದ್ದರೂ ಅದಕ್ಕೆ ಆ್ಯಂಟಿಬಯೊಟಿಕ್ ಬೇಕಾಗುತ್ತದೆ, ರೇಬಿಸ್ ಲಸಿಕೆ ಪಡೆದರೂ ಇದರ ಅಗತ್ಯ ತಪ್ಪುವುದಿಲ್ಲ. ಉಣ್ಣೆಗಳಿಂದ ಹರಡುವ ಬಬೇಸಿಯಾ ಮತ್ತು ಸೊಳ್ಳೆಗಳಿಂದ ಹರಡುವ ಮಲೇರಿಯಾ ಎರಡೂ ಕೆಂಪು ರಕ್ತಕಣಗಳೊಳಗೆ ಬೆಳೆಯುವ ಪರೋಪಜೀವಿಗಳು. ಸೋಂಕಿತ ಕಣಗಳನ್ನು ಹೆಕ್ಕಿ ತೆಗೆಯುವ ಗುಲ್ಮ ಇಲ್ಲದಿರುವುದರಿಂದ ಇವರಲ್ಲಿ ಕಾಯಿಲೆ ಉಲ್ಬಣಿಸಬಹುದು. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗುವವರು ತಡೆಮಾತ್ರೆ ಮತ್ತು ಸೊಳ್ಳೆಪರದೆಯ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ.

ಆಹಾರದ ಪಥ್ಯ ಬೇಕಿಲ್ಲ. ನಿರೋಧಕ ಶಕ್ತಿ ಹೆಚ್ಚಿಸುವುದಾಗಿ ಮಾರಾಟವಾಗುವ ಯಾವ ಪುಡಿಯೂ ಕಷಾಯವೂ ಗುಲ್ಮದ ಕೆಲಸ ಮಾಡಲಾರದು. ಕೆಲಸ, ವ್ಯಾಯಾಮ, ಗರ್ಭಧಾರಣೆ, ಪ್ರಯಾಣ ಯಾವುದಕ್ಕೂ ಗುಲ್ಮ ಇಲ್ಲದಿರುವುದು ತಾನಾಗಿ ಅಡ್ಡಿಯಲ್ಲ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಮಾತ್ರ ಗಮನಿಸಬೇಕು. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಯಕೃತ್ತಿಗೆ ಹೋಗುವ ಅಭಿಧಮನಿಯಲ್ಲಿ ಹೆಪ್ಪು ಕಟ್ಟಬಹುದು, ಹೊಟ್ಟೆನೋವು ಬಿಡದೆ ಕಾಡಿದರೆ ಪರೀಕ್ಷಿಸಬೇಕು. ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವ ಸಂಭವ ವರ್ಷಗಳ ನಂತರವೂ ಸಾಮಾನ್ಯರಿಗಿಂತ ಹೆಚ್ಚು ಎಂಬುದನ್ನು ಮೇಲೆ ಹೇಳಿದ 8,149 ಮಂದಿಯ ಅಧ್ಯಯನವೂ ಕಂಡಿತ್ತು. ಧೂಮಪಾನ ಬಿಡುವುದರಿಂದ ಈ ಅಪಾಯವೂ ನ್ಯೂಮೋಕಾಕಸ್‌ನ ಅಪಾಯವೂ ಒಟ್ಟಿಗೆ ತಗ್ಗುತ್ತವೆ.

ತೆಗೆಯದೆ ಉಳಿಸುವ ಯತ್ನ

ಇಷ್ಟೆಲ್ಲ ಎಚ್ಚರಿಕೆಗಿಂತ ಗುಲ್ಮವನ್ನು ಉಳಿಸಿಕೊಳ್ಳುವುದೇ ಮೇಲು ಎಂಬ ಅರಿವು ಶಸ್ತ್ರಚಿಕಿತ್ಸೆಯ ರೀತಿಯನ್ನೇ ಬದಲಿಸಿದೆ. ಅಪಘಾತದಲ್ಲಿ ಗುಲ್ಮ ಸೀಳಿದರೂ ರಕ್ತದೊತ್ತಡ ಸ್ಥಿರವಾಗಿದ್ದರೆ ನಿಗಾ ಇಟ್ಟು ಕಾಯುವುದು, ರಕ್ತ ಸೋರುವ ಧಮನಿಯನ್ನು ಒಳಗಿನಿಂದಲೇ ಮುಚ್ಚುವುದು ಈಗ ಸಾಮಾನ್ಯ. ಹಾಗೆ ಧಮನಿ ಮುಚ್ಚಿದವರಿಗೆ ಲಸಿಕೆ ಬೇಕೇ ಎಂಬಲ್ಲಿ ಒಮ್ಮತವಿಲ್ಲ. ಉಳಿದ ಗುಲ್ಮ ಬಹುತೇಕ ಕೆಲಸ ಮಾಡುತ್ತದೆ ಎಂದು ಅಧ್ಯಯನಗಳು ಸೂಚಿಸುತ್ತವಾದರೂ, ಲಸಿಕೆಯಿಂದ ತೊಂದರೆ ಕಡಿಮೆ ಎಂಬ ಕಾರಣಕ್ಕೆ ಕೆಲವರು ಹಾಕುವುದನ್ನೇ ಬಯಸುತ್ತಾರೆ. ಪ್ಲೇಟ್‌ಲೆಟ್ ಕುಸಿಯುವ ಐಟಿಪಿ ಕಾಯಿಲೆಗೆ 2008ರಿಂದ ಹೊಸ ಬಗೆಯ ಔಷಧಗಳು ಬಂದ ಮೇಲೆ ಗುಲ್ಮ ತೆಗೆಯುವುದನ್ನು ಕನಿಷ್ಠ ಒಂದು ವರ್ಷವಾದರೂ ಮುಂದೂಡುವುದು ಈಗಿನ ಒಲವು. ಅನುವಂಶಿಕ ರಕ್ತಕಣದ ಕಾಯಿಲೆಯ ಮಕ್ಕಳಲ್ಲಿ ಗುಲ್ಮದ ಒಂದು ಭಾಗವನ್ನು ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಹೇಳಬೇಕಾದವರು ಯಾರು

ಗುಲ್ಮ ತೆಗೆದ ಶಸ್ತ್ರವೈದ್ಯರು ಗಾಯ ಮಾಗಿದ ಮೇಲೆ ರೋಗಿಯನ್ನು ಬಿಟ್ಟುಕೊಡುತ್ತಾರೆ. ರಕ್ತರೋಗ ತಜ್ಞರ ಗಮನ ಮೂಲ ಕಾಯಿಲೆಯ ಮೇಲಿರುತ್ತದೆ. ಮನೆ ವೈದ್ಯರಿಗೆ ಶಸ್ತ್ರಚಿಕಿತ್ಸೆಯ ವಿಷಯ ತಿಳಿದಿರುವುದೇ ಅನುಮಾನ. ಹೀಗೆ ಮೂವರ ನಡುವೆ ಲಸಿಕೆಯ ಮುಂದಿನ ಡೋಸ್ ಜಾರಿಹೋಗುತ್ತದೆ, ಜ್ವರದ ಎಚ್ಚರಿಕೆ ಹೇಳದೆ ಉಳಿಯುತ್ತದೆ. ಎಲ್ಲಕ್ಕಿಂತ ಕಳವಳ ಹುಟ್ಟಿಸುವವರು ದಶಕಗಳ ಹಿಂದೆ ಗುಲ್ಮ ಕಳೆದುಕೊಂಡವರು. ಬಾಲ್ಯದಲ್ಲಿ ಮರದಿಂದ ಬಿದ್ದೋ ವಾಹನದ ಪೆಟ್ಟಿನಿಂದಲೋ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಆಗ ಸಂಯುಕ್ತ ಲಸಿಕೆಗಳೇ ಇರಲಿಲ್ಲ, ಯಾರೂ ಎಚ್ಚರಿಸಿಯೂ ಇಲ್ಲ. ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತು ಅವರಿಗೆ ಮುಗಿದುಹೋದ ಸಂಗತಿ. ಅಂಥವರಿಗೆ ಈಗ ಲಸಿಕೆ ಹಾಕಲು ಕಾಲ ಮೀರಿಲ್ಲ.

ಆಸ್ಟ್ರೇಲಿಯಾದಲ್ಲಿ ಗುಲ್ಮವಿಲ್ಲದವರನ್ನು ನೋಂದಾಯಿಸಿಕೊಂಡು ಲಸಿಕೆಯ ದಿನವನ್ನು ನೆನಪಿಸುವ, ತಿಳಿವಳಿಕೆ ನೀಡುವ ವ್ಯವಸ್ಥೆಯೊಂದಿದೆ. ಅದರಲ್ಲಿ ನೋಂದಾಯಿಸಿಕೊಂಡವರಲ್ಲಿ ಕವಚಧಾರಿ ಬ್ಯಾಕ್ಟೀರಿಯಾಗಳ ಸೋಂಕು ಕಡಿಮೆಯಾಯಿತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ರೋಗಿಗಳಿಗೆ ಸಿಕ್ಕಿದ್ದು ಹೊಸ ಔಷಧವಲ್ಲ. ಇದ್ದ ಲಸಿಕೆಗಳೂ ಇದ್ದ ತಿಳಿವಳಿಕೆಯೂ ಕ್ರಮವಾಗಿ, ಬಿಡದೆ ತಲುಪಿದ್ದವು.

ಅಂಥ ವ್ಯವಸ್ಥೆ ಇಲ್ಲದ ಕಡೆ ಆ ಕೆಲಸವನ್ನು ಬಿಡುಗಡೆಯ ಪತ್ರವೇ ಮಾಡಬೇಕು. ಗುಲ್ಮ ತೆಗೆದ ದಿನಾಂಕ, ಕಾರಣ, ಹಾಕಿದ ಲಸಿಕೆಗಳ ಹೆಸರು ಮತ್ತು ದಿನ, ಮುಂದಿನ ಡೋಸ್‌ನ ಕಾಲ, ಔಷಧದ ಅಲರ್ಜಿ, ಜ್ವರ ಬಂದಾಗ ನುಂಗಬೇಕಾದ ಮಾತ್ರೆ ಇಷ್ಟನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಬಹುದು. ಪ್ರಜ್ಞೆ ತಪ್ಪಿದಾಗ ಹೇಳುವವರು ಇಲ್ಲದಿರಬಹುದಾದ್ದರಿಂದ, ಗುಲ್ಮ ಇಲ್ಲವೆಂದು ಬರೆದ ಕಾರ್ಡನ್ನೋ ಕೈಪಟ್ಟಿಯನ್ನೋ ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ಕನಿಷ್ಠ ಇನ್ನೊಬ್ಬರಿಗಾದರೂ ತುರ್ತು ಮಾತ್ರೆ ಎಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ರಾತ್ರಿಯಾದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದು ಗೊತ್ತಿರಬೇಕು.